ರುದ್ರನಾಟಕದ ನಾಯಕನೂ ಅವನ ದೋಷವೂ

ಮಹಾಪುರುಷನೊಬ್ಬನ ಪತನವನ್ನು ರಂಗದ ಮೇಲೆ ಕಂಡು ಮನೆಗೆ ಹಿಂದಿರುಗುವ ಪ್ರೇಕ್ಷಕನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ 'ಇವನಿಗೆ ಹೀಗೇಕಾಯಿತು?' ಎಂಬುದು. ಈ ಪ್ರಶ್ನೆಗೆ ವಿದ್ಯಾವಂತರಾದ ನಮ್ಮಲ್ಲಿ ಒಂದು ಸಿದ್ಧವಾದ ಉತ್ತರ ಬಹುಕಾಲದಿಂದ ಬಳಕೆಯಲ್ಲಿದೆ. ಒಥೆಲೊ ಕೆಟ್ಟುದು ಸಂಶಯದಿಂದ. ಮ್ಯಾಕ್‌ಬೆತ್ ಕೆಟ್ಟುದು ರಾಜ್ಯದಾಸೆಯಿಂದ. ಲಿಯರ್ ದೊರೆ ಕೆಟ್ಟುದು ಮುಖಸ್ತುತಿಗೆ ಮರುಳಾಗಿ. ಹ್ಯಾಮ್ಲೆಟ್ ಕೆಟ್ಟುದು ಕಾಲಹರಣದಿಂದ. ನಮ್ಮ ದುರ್ಯೋಧನ ಕೆಟ್ಟುದು ಛಲದಿಂದ. ಔಷಧದ ಅಂಗಡಿಯವನು ಸೀಸೆಸೀಸೆಗೂ ಚೀಟಿ ಅಂಟಿಸುವಂತೆ ನಾವು ಒಬ್ಬೊಬ್ಬ ನಾಯಕನ ಹಣೆಗೂ ಒಂದೊಂದು ದೋಷದ ಹೆಸರನ್ನು ಅಂಟಿಸಿದ್ದೇವೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಈ ಚೀಟಿಗಳಿಗೆ ಅಂಕಗಳು ದೊರೆಯುವುದುಂಟು. ಜಗಲಿಯ ಮೇಲಿನ ಮಾತುಕತೆಯಲ್ಲಿಯೂ ಇವುಗಳಿಗೆ ಮನ್ನಣೆಯುಂಟು. 'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯೊಂದನ್ನು ಕೊನೆಗೆ ಸೇರಿಸಿಬಿಟ್ಟರೆ ನಾಟಕದ ಲೆಕ್ಕ ಚುಕ್ತವಾದಂತೆಯೇ; ನೆಮ್ಮದಿಯಿಂದ ದೀಪವನ್ನಾರಿಸಿ ಮಲಗಬಹುದು. ಆ ನೆಮ್ಮದಿ ನ್ಯಾಯವಾದುದೇ? ಮಹಾಕವಿಗಳು ಅಷ್ಟು ಪರಿಶ್ರಮಪಟ್ಟುದು ನಮಗೆ ಆ ನೆಮ್ಮದಿಯನ್ನು ಕೊಡುವುದಕ್ಕಾಗಿಯೇ? ಇದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ರುದ್ರನಾಟಕವೆಂಬ ಹೆಸರನ್ನು ನಾವು ಇಲ್ಲಿ ಪಾಶ್ಚಾತ್ಯರು ಟ್ರ್ಯಾಜೆಡಿ ಎಂದು ಕರೆಯುವ ನಾಟಕಜಾತಿಗೆ ಬಳಸುತ್ತಿದ್ದೇವೆ. ಈ ಜಾತಿಯ ನಾಟಕವನ್ನು ಶಾಸ್ತ್ರಕ್ರಮದಿಂದ ವಿವೇಚಿಸಿದವರಲ್ಲಿ ಅಗ್ರಗಣ್ಯನಾದವನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್. ಆತನ 'ಪೊಯೆಟಿಕ್ಸ್' ಎಂಬ ಕಿರುಗ್ರಂಥದ ೧೩ನೆಯ ಅಧ್ಯಾಯದಲ್ಲಿ ನಾಯಕನ ಪತನದ ವಿಚಾರ ಬರುತ್ತದೆ. ಅಲ್ಲಿ ಆತನು ಮೂರು ಬಗೆಯ ಕಥೆಗಳನ್ನು ಒಂದಾದಮೇಲೊಂದಾಗಿ ತಳ್ಳಿಹಾಕುತ್ತಾನೆ. ಸರ್ವಗುಣಸಂಪನ್ನನಾದವನು ಸುಖದಿಂದ ದುಃಖಕ್ಕೆ ಬೀಳುವ ಕಥೆ ನಮಗೆ ಅಸಹ್ಯವನ್ನುಂಟುಮಾಡುತ್ತದೆ. ದುಷ್ಟನು ದುಃಖದಿಂದ ಸುಖಕ್ಕೆ ಏರುವ ಕಥೆ ರುದ್ರನಾಟಕಕ್ಕೆ ಎಲ್ಲಕ್ಕಿಂತ ದೂರವಾದುದು. ಪರಮದುಷ್ಟನು ಸುಖದಿಂದ ದುಃಖಕ್ಕೆ ಬಿದ್ದರೆ ನಮ್ಮ ನ್ಯಾಯಬುದ್ಧಿಗೇನೋ ತೃಪ್ತಿ. ಆದರೆ ಅದರಿಂದ ಕರುಣೆಯೂ ಹುಟ್ಟದು, ಭಯವೂ ಹುಟ್ಟದು. ಏಕೆಂದರೆ ಕರುಣೆಯು ಹುಟ್ಟುವುದು ಅರ್ಹತೆಯಿಲ್ಲದೆ ಕಷ್ಟಕ್ಕೆ ಸಿಕ್ಕಿದವನನ್ನು ಕಂಡಾಗ. ಭಯವು ಹುಟ್ಟುವುದು ನಮ್ಮಂತೆಯೇ ಇರುವವನು ಕಷ್ಟಕ್ಕೆ ಸಿಕ್ಕಿದುದನ್ನು ಕಂಡಾಗ. ಹೀಗೆ ಮೂರನ್ನೂ ಕಳೆದಮೇಲೆ ಉಳಿಯುವವನು ಇವೆರಡರ ನಡುವಣ ಮನುಷ್ಯ: ದೊಡ್ಡ ಹೆಸರೂ ಐಶ್ವರ್ಯವೂ ಉಳ್ಳವನು, ದುಷ್ಟತನದಿಂದಲ್ಲದೆ ಯಾವುದೋ ಒಂದು 'ಹಮಾರ್ತಿಯ'ದಿಂದ ಕೆಳಗೆ ಬೀಳುವವನು.

ಈ 'ಹಮಾರ್ತಿಯ' ಎಂಬ ಒಂದು ಶಬ್ದದ ಮೇಲೆ ಪಂಡಿತರು ಬರೆದಿರುವುದು ಒಂದು ಭಂಡಾರವಾಗುವಷ್ಟಿದೆ. ಅದರ ಮೂಲಧಾತುವಿಗೆ 'ಗುರಿತಪ್ಪು' ಎಂದು ಅರ್ಥ. ಎಸೆದ ಈಟಿ ಗುರಿಯನ್ನು ಮುಟ್ಟದೆ ಪಕ್ಕಕ್ಕೆ ಹೋದರೆ ಗ್ರೀಕರು ಆ ಧಾತುವನ್ನು ಪ್ರಯೋಗಿಸುತ್ತಿದ್ದರು. ಕೆಲವು ಶತಮಾನಗಳು ಕಳೆದಮೇಲೆ ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕ್ ಪಾಠದಲ್ಲಿ ಅದೇ ಶಬ್ದವು 'ಪಾಪ' ಎಂಬ ಅರ್ಥದಲ್ಲಿ ನೆಲೆನಿಂತಿತು. ಒಂದೇ ಶಬ್ದ ಒಂದು ಕಡೆ ಬಿಲ್ಲುಗಾರನ ಮಾತು, ಇನ್ನೊಂದು ಕಡೆ ಧರ್ಮಗುರುವಿನ ಮಾತು. ಅರಿಸ್ಟಾಟಲನನ್ನು ಓದುವಾಗ ಎರಡನೆಯ ಅರ್ಥವನ್ನು ಬೆರಸಿಕೊಂಡರೆ ನಾಯಕನು ಪಾಪಿಯಾಗುತ್ತಾನೆ, ನಾಟಕಕಾರನು ದಂಡಾಧಿಕಾರಿಯಾಗುತ್ತಾನೆ. ಆದರೆ ಅರಿಸ್ಟಾಟಲನು ದುಷ್ಟತನವನ್ನೂ ಹಮಾರ್ತಿಯವನ್ನೂ ಒಂದೇ ವಾಕ್ಯದಲ್ಲಿ ಎದುರುಬದುರಾಗಿ ನಿಲ್ಲಿಸಿ, ಅದಲ್ಲ ಇದು ಎಂದು ಬೇರ್ಪಡಿಸಿದ್ದಾನೆ. ಗುರಿತಪ್ಪಿದ ಬಿಲ್ಲುಗಾರನಿಗೆ ಗುರಿಯುಂಟು, ತೋಳಿನಲ್ಲಿ ಬಲವುಂಟು. ಬಾಣವನ್ನೇ ಹೂಡದವನು ಗುರಿತಪ್ಪುವ ಪ್ರಸಂಗವಾದರೂ ಎಲ್ಲಿ?

ಅರಿಸ್ಟಾಟಲನು ತಾನೇ ಹೆಸರಿಸುವ ಉದಾಹರಣೆ ಈಡಿಪಸ್ ದೊರೆಯದು. ಸಾಫೊಕ್ಲೀಸನ ನಾಟಕ ಆರಂಭವಾಗುವಾಗ ಥೀಬ್ಸ್ ನಗರಕ್ಕೆ ಮಾರಿ ಬಡಿದಿದೆ. ಹಿಂದಿನ ದೊರೆ ಲೇಯಸನನ್ನು ಕೊಂದವನು ಊರೊಳಗೇ ಇರುವನೆಂದೂ ಅವನನ್ನು ಹೊರದೂಡಿದ ಹೊರತು ಮಾರಿ ತೊಲಗದೆಂದೂ ಡೆಲ್ಫಿಯ ದೈವವಾಣಿ ನುಡಿಯುತ್ತದೆ. ಈಡಿಪಸನು ಪ್ರಜೆಗಳೆದುರಿಗೆ ಆ ಕೊಲೆಗಾರನನ್ನು ಶಪಿಸಿ, ಅವನನ್ನು ಹುಡುಕಲು ತಾನೇ ಟೊಂಕಕಟ್ಟುತ್ತಾನೆ. ಕಣ್ಣಿಲ್ಲದ ಕಣಿಗಾರ ಟೈರೇಸಿಯಸನು ಇದನ್ನು ಕೆದಕಬೇಡವೆನ್ನುತ್ತಾನೆ; ರಾಣಿ ಯೊಕಾಸ್ಟಳು ಕಾಲಿಗೆ ಬೀಳುವಂತೆ ಬೇಡಿಕೊಳ್ಳುತ್ತಾಳೆ; ಮುದಿ ಕುರುಬನು ಬಾಯಿಬಿಡಲೊಲ್ಲನು. ಈಡಿಪಸನು ಯಾರ ಮಾತಿಗೂ ನಿಲ್ಲುವುದಿಲ್ಲ. ಕೊನೆಗೆ ದೊರೆತ ಕೊಲೆಗಾರನು ತಾನೇ, ಕೊಂದದ್ದು ತಂದೆಯನ್ನು, ಕೈಹಿಡಿದದ್ದು ತಾಯಿಯನ್ನು.

ಇಲ್ಲಿ ದೋಷವೆಲ್ಲಿ? ಮುಂಗೋಪವೆಂದು ಹಲವರು ಹೇಳುವರು. ಕೋಪವೇನೋ ಇದೆ, ಮೂರು ದಾರಿಗಳು ಕೂಡುವೆಡೆಯಲ್ಲಿ ಆ ಮುದುಕನ ಮೇಲೆ ಅವನು ಕೈಯೆತ್ತಿದುದು ಕೋಪದಿಂದಲೇ. ಆದರೆ ಅವನು ಆ ದಾರಿಗೆ ಬಂದುದಾದರೂ ಏಕೆ? ತಂದೆಯನ್ನು ಕೊಲ್ಲುವೆ, ತಾಯಿಯನ್ನು ವರಿಸುವೆ ಎಂಬ ದೈವವಾಣಿಯನ್ನು ಕೇಳಿ ನಡುಗಿ, ತನ್ನ ತಂದೆತಾಯಿಗಳೆಂದು ತಾನು ನಂಬಿದ್ದವರಿಗೆ ಕೇಡಾಗದಿರಲೆಂದು ಕಾರಿಂತ್ ನಗರವನ್ನೇ ತೊರೆದು ಬಂದನು. ಪಿತೃಭಕ್ತಿ ಅವನನ್ನು ಪಿತೃಹತ್ಯೆಯ ಎಡೆಗೆ ಕರೆತಂದಿತು. ಇನ್ನು ನಾಟಕದೊಳಗೆ ನಮ್ಮ ಕಣ್ಣೆದುರಿಗೇ ನಡೆಯುವ ಕೃತ್ಯ ಯಾವುದು? ಸತ್ಯಾನ್ವೇಷಣೆ. ಪ್ರಜೆಗಳ ಸಂಕಟವನ್ನು ಕಂಡೂ ಸುಮ್ಮನಿರಬಲ್ಲ ಸಾಮಾನ್ಯ ದೊರೆಯಾಗಿದ್ದರೆ ಅವನು ಟೈರೇಸಿಯಸನ ಒಂದು ಮಾತಿಗೇ ವಿಚಾರಣೆಯನ್ನು ಕೈಬಿಟ್ಟು ಸಿಂಹಾಸನದಲ್ಲಿಯೇ ಉಳಿಯುತ್ತಿದ್ದನು. ಯಾವ ಗುಣವು ಹಿಂದೆ ಸ್ಫಿಂಕ್ಸಿನ ಒಗಟನ್ನು ಬಿಡಿಸಿ ಊರನ್ನು ಉಳಿಸಿತೋ ಆ ಗುಣವೇ ಈ ಎರಡನೆಯ ಒಗಟನ್ನೂ ಬಿಡಿಸಿತು. ಅವನನ್ನು ಕೆಡಿಸಿದುದನ್ನು ಅವನಿಂದ ಕಿತ್ತೆಸೆದರೆ ಈಡಿಪಸನೇ ಉಳಿಯುವುದಿಲ್ಲ.

ಗ್ರೀಕರ ನಾಟಕದಲ್ಲಿ ವಿಧಿಯ ಕೈ ದೊಡ್ಡದು. ಆದ್ದರಿಂದ ಅಲ್ಲಿಯ ಮಾತು ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಾದರೆ ದೈವವಾಣಿಯ ಸೋಂಕಿಲ್ಲದ ಷೇಕ್ಸ್‌ಪಿಯರನ ನಾಟಕವೊಂದನ್ನು ತೆಗೆದುಕೊಳ್ಳೋಣ. ೧೬೦೪ರಲ್ಲಿ ಇಂಗ್ಲೆಂಡಿನ ಅರಮನೆಯಲ್ಲಿ ಅಭಿನೀತವಾದ 'ಒಥೆಲೊ' ಈ ಪರೀಕ್ಷೆಗೆ ತಕ್ಕುದಾಗಿದೆ.

ಒಥೆಲೊವಿನ ದೋಷ ಸಂಶಯವೆಂಬುದು ಲೋಕರೂಢಿ. ಆದರೆ ನಾಟಕದ ಮೊದಲ ಅಂಕವನ್ನು ಜ್ಞಾಪಿಸಿಕೊಳ್ಳಿ. ಮಗಳು ಡೆಸ್ಡಿಮೋನ ರಾತ್ರಿಯಲ್ಲಿ ಮನೆಬಿಟ್ಟು ಮೂರ್ ಜಾತಿಯ ಸೇನಾಪತಿಯನ್ನು ವರಿಸಿದಳೆಂದು ಕೇಳಿದ ಬ್ರಬಾನ್ಷಿಯೊ ಆಳುಗಳೊಡನೆ ಕತ್ತಿ ಹಿರಿದು ಬರುತ್ತಾನೆ. ಒಥೆಲೊವಿಗೆ ಉದ್ವೇಗವೇ ಇಲ್ಲ. ಕತ್ತಿಗಳನ್ನು ಒರೆಗೆ ಸೇರಿಸಿರೆಂದು ಶಾಂತವಾಗಿ ಹೇಳುತ್ತಾನೆ. ವೆನಿಸ್ಸಿನ ಸಭೆಯಲ್ಲಿ ಅವನ ಮೇಲೆ ಬಂದ ಆರೋಪ ಸಾಮಾನ್ಯವಾದುದಲ್ಲ: ಮದ್ದುಮಾಟಗಳಿಂದ ಹುಡುಗಿಯನ್ನು ಮರುಳುಮಾಡಿದನೆಂಬುದು. ಆಗ ಒಥೆಲೊ ಬೇಡಿದ್ದೇನು? ಆಕೆಯನ್ನು ಕರೆಸಿ, ಆಕೆಯ ತಂದೆಯ ಎದುರಿಗೇ ಆಕೆಯ ಮಾತನ್ನು ಕೇಳಿ, ಅದು ನನಗೆ ವಿರುದ್ಧವಾಗಿದ್ದರೆ ನನ್ನ ಪದವಿಯನ್ನೂ ಪ್ರಾಣವನ್ನೂ ತೆಗೆದುಕೊಳ್ಳಿ ಎಂದು. ಸಭೆಯು ಆಕೆಯನ್ನು ಕರೆಸಿತು, ಆಕೆ ಬಂದು ನುಡಿದಳು, ಆರೋಪ ಬಿದ್ದುಹೋಯಿತು. ಕೇಳಿ ತೀರ್ಮಾನಿಸುವ ನ್ಯಾಯದಿಂದಲೇ ಅಂದು ಒಥೆಲೊ ಬದುಕಿದನು.

ಐದನೆಯ ಅಂಕದಲ್ಲಿ ಆರೋಪಕ್ಕೆ ಗುರಿಯಾದವಳು ಡೆಸ್ಡಿಮೋನ. ನ್ಯಾಯಾಸನದಲ್ಲಿ ಕುಳಿತವನು ಒಥೆಲೊ. ಆಕೆಯೂ ಅದನ್ನೇ ಬೇಡುತ್ತಾಳೆ. ಕ್ಯಾಸಿಯೊವನ್ನು ಕರೆಸಿ ಕೇಳಿನೋಡಿ, ಆ ಕೈವಸ್ತ್ರವನ್ನು ನಾನು ಅವನಿಗೆ ಕೊಡಲಿಲ್ಲ ಎಂಬುದೇ ಆಕೆಯ ಮೊರೆ. ಒಥೆಲೊ ಕರೆಸುವುದಿಲ್ಲ. ಕ್ಯಾಸಿಯೊವಿನ ಬಾಯಿ ಆ ವೇಳೆಗೆ ಶಾಶ್ವತವಾಗಿ ಮುಚ್ಚಿತೆಂದು ಅವನು ನಂಬಿದ್ದಾನೆ. ವಾಸ್ತವವಾಗಿ ಕ್ಯಾಸಿಯೊ ಗಾಯಗೊಂಡು ಬದುಕಿದ್ದಾನೆ. ಮೊದಲ ಅಂಕದಲ್ಲಿ ತನಗೆ ದೊರೆತ ನ್ಯಾಯವನ್ನು ಐದನೆಯ ಅಂಕದಲ್ಲಿ ತನ್ನ ಹೆಂಡತಿಗೆ ಕೊಡಲಾರದೆ ಹೋದನಲ್ಲಾ, ಈ ಗುರಿತಪ್ಪು ಎಲ್ಲಿ ಹುಟ್ಟಿತು?

ಇದಕ್ಕೆ ಉತ್ತರ ಎರಡನೆಯ ಅಂಕದಲ್ಲಿದೆ. ಸೈಪ್ರಸ್ ದ್ವೀಪದ ಕಾವಲಿನ ರಾತ್ರಿ ಜಗಳವೆದ್ದಿತು. ನಿದ್ದೆಯಿಂದೆದ್ದು ಬಂದ ಸೇನಾಪತಿ ವಿಚಾರಿಸಿದನು. ಕುಡಿದ ಅಮಲಿನಲ್ಲಿದ್ದ ಕ್ಯಾಸಿಯೊ ನಾಚಿಕೆಯಿಂದ ಬಾಯಿಬಿಡಲಿಲ್ಲ. ಇಯಾಗೊ ಹೇಳಿದುದೇ ಸಾಕ್ಷ್ಯವಾಯಿತು. ಕ್ಷಣಮಾತ್ರದಲ್ಲಿ ಕ್ಯಾಸಿಯೊ ಪದವಿಯನ್ನು ಕಳೆದುಕೊಂಡನು. ಇದರಲ್ಲಿ ತಪ್ಪೇನೂ ಕಾಣದು. ಶತ್ರುವಿನ ಭಯವಿನ್ನೂ ಆರದ ಊರಿನಲ್ಲಿ ಸೇನಾಪತಿಯಾದವನು ನಂಬತಕ್ಕವರನ್ನು ನಂಬಿ, ತೀರ್ಮಾನಿಸಿ, ತೀರ್ಮಾನಿಸಿದುದನ್ನು ಆಗಲೇ ನಡೆಸಬೇಕು. ಅನುಮಾನದಲ್ಲಿ ತೂಗಾಡುತ್ತ ನಿಲ್ಲುವವನಿಂದ ಸೈನ್ಯ ನಡೆಯದು. ಏಳನೆಯ ವಯಸ್ಸಿನಿಂದ ಬೀಡುಬಯಲುಗಳಲ್ಲಿ ಬೆಳೆದ ಒಥೆಲೊವಿಗೆ ಇದು ಉಸಿರಾಟದಷ್ಟು ಸಹಜ. ಇಯಾಗೊ ಮಾಡಿದುದಿಷ್ಟೇ: ಅದೇ ಗುಣವನ್ನು ಪಾಳೆಯದಿಂದ ಅಂತಃಪುರಕ್ಕೆ ನಡೆಸಿಕೊಂಡು ಬಂದನು. ಅಲ್ಲಿಯೂ ಅದೇ ಸಾಕ್ಷಿ, ಅದೇ ನಂಬಿಕೆ, ಅದೇ ಶೀಘ್ರತೆ. ಸಂಶಯದಲ್ಲಿಯೇ ಬದುಕಬಲ್ಲ ಸಣ್ಣ ಮನಸ್ಸಿನವನಾಗಿದ್ದರೆ ಒಥೆಲೊ ಹತ್ತು ವರ್ಷ ಹೆಂಡತಿಯನ್ನು ಗೋಳುಹೊಯ್ದುಕೊಂಡು ಸಂಸಾರಮಾಡುತ್ತಿದ್ದನು. ಅದರಿಂದ ರುದ್ರನಾಟಕ ಹುಟ್ಟುತ್ತಿರಲಿಲ್ಲ. ಅವನು ಸಂಶಯವನ್ನು ಸಹಿಸಲಾರದವನಾದುದರಿಂದಲೇ ಕೊಂದನು.

ಇಯಾಗೊವನ್ನು ನಂಬಿದುದು ಪೆದ್ದತನವಲ್ಲವೆ ಎಂದು ಕೇಳಬಹುದು. ಆದರೆ ಇಯಾಗೊವನ್ನು ನಂಬದವರು ಆ ನಾಟಕದಲ್ಲಿ ಯಾರಿದ್ದಾರೆ? ಕೆಲಸ ಕಳೆದುಕೊಂಡ ಕ್ಯಾಸಿಯೊ ಅವನಲ್ಲಿಗೇ ಸಲಹೆ ಕೇಳಲು ಹೋಗುತ್ತಾನೆ. ಕಂಗೆಟ್ಟ ಡೆಸ್ಡಿಮೋನ ಅವನೆದುರಿಗೇ ಮೊಣಕಾಲೂರುತ್ತಾಳೆ. ಜೊತೆಯಲ್ಲಿ ಬಾಳುವ ಹೆಂಡತಿ ಎಮಿಲಿಯಳಿಗೂ ಕಡೆಯ ಗಳಿಗೆಯವರೆಗೆ ಅವನ ಆಳ ತಿಳಿಯದು. ಎಲ್ಲರೂ ನಂಬಿದವನನ್ನು ತಾನೂ ನಂಬಿದುದಕ್ಕೆ ಒಥೆಲೊ ತೆತ್ತ ಬೆಲೆ ಮಾತ್ರ ಎಲ್ಲರಿಗಿಂತ ದೊಡ್ಡದು. ತಪ್ಪಿಗೂ ಫಲಕ್ಕೂ ತೂಕ ಸರಿಹೊಂದದಿರುವುದು ರುದ್ರನಾಟಕದ ಹೃದಯವೆಂದು ನಮಗೆ ತೋರುತ್ತದೆ.

ಈ ತೂಕದ ವ್ಯತ್ಯಾಸವನ್ನು ಸಹಿಸಲಾರದವರು ಹಿಂದೆಯೂ ಇದ್ದರು. ೧೬೯೩ರಲ್ಲಿ ತಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕನು 'ಒಥೆಲೊ'ವನ್ನು ಹೀಗಳೆಯುತ್ತ, ಗೃಹಿಣಿಯರು ಬಟ್ಟೆಬರೆಗಳನ್ನು ಜೋಪಾನವಾಗಿಟ್ಟುಕೊಳ್ಳಲೆಂಬುದೇ ಇದರ ನೀತಿಯಿರಬೇಕೆಂದು ಹಾಸ್ಯಮಾಡಿದನು. ಅದಕ್ಕೂ ಹಿಂದೆ, ೧೬೮೧ರಲ್ಲಿ, ನಾಹಮ್ ಟೇಟ್ ಎಂಬವನು 'ಲಿಯರ್' ನಾಟಕವನ್ನು ತಿದ್ದಿ, ಕಾರ್ಡೀಲಿಯಳನ್ನು ಬದುಕಿಸಿ ಎಡ್ಗರನಿಗೆ ಮದುವೆಮಾಡಿಕೊಟ್ಟು, ಮುದಿದೊರೆಗೆ ರಾಜ್ಯವನ್ನು ಹಿಂದಿರುಗಿಸಿದನು. ಸುಮಾರು ಒಂದೂವರೆ ಶತಮಾನ ಇಂಗ್ಲೆಂಡಿನ ರಂಗಭೂಮಿಯ ಮೇಲೆ ಮೆರೆದುದು ಆ ತಿದ್ದಿದ ನಾಟಕವೇ. ೧೮೩೮ರಲ್ಲಿ ಮ್ಯಾಕ್‌ರೀಡಿ ಎಂಬ ನಟನು ಷೇಕ್ಸ್‌ಪಿಯರನ ಮೂಲಪಾಠವನ್ನು ಮತ್ತೆ ರಂಗಕ್ಕೆ ತಂದನು. ಡಾಕ್ಟರ್ ಜಾನ್ಸನನಂತಹ ಗಟ್ಟಿಗನೇ ಕಾರ್ಡೀಲಿಯಳ ಮರಣವನ್ನೋದಿ ತತ್ತರಿಸಿದನೆಂದೂ, ಸಂಪಾದಕನಾಗಿ ಓದಬೇಕಾಗಿ ಬರುವವರೆಗೆ ಆ ಕೊನೆಯ ದೃಶ್ಯಗಳ ಹತ್ತಿರ ಹೋಗಲಿಲ್ಲವೆಂದೂ ತಾನೇ ಬರೆದಿದ್ದಾನೆ. ಟೇಟನು ಕತ್ತರಿಯಿಂದ ಮಾಡಿದ ಕೆಲಸವನ್ನು ನಾವು ದೋಷದ ಚೀಟಿಯಿಂದ ಮಾಡುತ್ತೇವೆ. ಲಿಯರನ ಹಣೆಗೆ ಮುಖಸ್ತುತಿಯ ಚೀಟಿಯನ್ನು ಅಂಟಿಸಿದ್ದಾಯಿತು. ಕಾರ್ಡೀಲಿಯಳ ಹಣೆಗೆ ಏನನ್ನು ಅಂಟಿಸೋಣ?

ನಿರಪರಾಧಿಗಳ ಮಾತಾಯಿತು, ಅಪರಾಧಿಯೇ ನಾಯಕನಾದಲ್ಲಿ ಏನು ಹೇಳಬೇಕು? ಶ್ರೀ ಡಿ. ವಿ. ಗುಂಡಪ್ಪನವರ ಅನುವಾದದಿಂದ ಕನ್ನಡಿಗರಿಗೂ ಪರಿಚಿತನಾಗಿರುವ ಮ್ಯಾಕ್‌ಬೆತ್ ಮನೆಗೆ ಬಂದ ಅತಿಥಿಯನ್ನು, ಬಂಧುವನ್ನು, ದೊರೆಯನ್ನು ನಿದ್ದೆಯಲ್ಲಿ ಕೊಂದವನು. ಅಲ್ಲಿ ರಾಜ್ಯದಾಸೆಯೆಂಬ ಚೀಟಿ ಸುಳ್ಳಲ್ಲ. ಆದರೂ ಅದು ಸಾಲದು. ಮಾಟಗಾತಿಯರ ಮಾತನ್ನು ಬ್ಯಾಂಕೊ ಕೂಡ ಕೇಳಿದನು. ಅವನ ಮನಸ್ಸಿನಲ್ಲಿಯೂ ಆಸೆಯ ಅಲೆ ಎದ್ದಿತು. ಕೊಲೆಯ ವಿರುದ್ಧವಾಗಿ ಹೇಳಬಹುದಾದ ಮಾತುಗಳನ್ನೆಲ್ಲ ಕೊಲೆಗೆ ಮುಂಚೆ ತನಗೆ ತಾನೇ ಹೇಳಿಕೊಳ್ಳುವವನು ಮ್ಯಾಕ್‌ಬೆತ್. ಆಗದ ಕೃತ್ಯವನ್ನು ಆದಂತೆಯೇ ಕಣ್ಮುಂದೆ ಕಟ್ಟಿಕೊಳ್ಳುವ ಕಲ್ಪನಾಶಕ್ತಿ ಅವನದು. ಆ ಶಕ್ತಿಯೇ ಕಿರೀಟವನ್ನು ತೋರಿಸಿ ಸೆಳೆಯಿತು; ಗಾಳಿಯಲ್ಲಿ ಕಠಾರಿಯನ್ನು ತೋರಿಸಿ ಹೆದರಿಸಿತು; ಕೊಂದಮೇಲೆ ನಿದ್ದೆಯನ್ನು ಕಸಿದುಕೊಂಡಿತು. ಹೆಂಡತಿ ಸತ್ತಳೆಂಬ ಸುದ್ದಿ ಬಂದಾಗ ಅವನಲ್ಲಿ ಅಳುವುದಕ್ಕೂ ಏನೂ ಉಳಿದಿರಲಿಲ್ಲ. ನಮ್ಮ ಕರುಣೆ ಹೋಗುವುದು ಕೊಲೆಗಾರನ ಕಡೆಗಲ್ಲ, ಕೊಲೆಗಾರನೊಳಗೆ ಸತ್ತುಹೋದ ಆ ಮನುಷ್ಯನ ಕಡೆಗೆ.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಮರಣದಲ್ಲಿ ಮುಗಿಯುವ ನಾಟಕ ಸಂಸ್ಕೃತದಲ್ಲಿ ವಿರಳ. ೧೯೧೨ರಿಂದ ತಿರುವನಂತಪುರದಲ್ಲಿ ಟಿ. ಗಣಪತಿಶಾಸ್ತ್ರಿಗಳು ಭಾಸನವೆಂದು ಪ್ರಕಟಿಸಿದ ನಾಟಕಗಳಲ್ಲಿ 'ಊರುಭಂಗ'ವು ರಂಗದ ಮೇಲೆಯೇ ದುರ್ಯೋಧನನ ಅಂತ್ಯವನ್ನು ತೋರಿಸಿ ನಮ್ಮನ್ನು ಬೆರಗುಗೊಳಿಸುತ್ತದೆ. ಎಂದಿನಂತೆ ತೊಡೆಯೇರಲು ಓಡಿಬರುವ ಪುಟ್ಟ ಮಗನಿಗೆ ತೊಡೆ ಮುರಿದ ತಂದೆ ಏನು ಹೇಳಬೇಕು? ಕನ್ನಡದಲ್ಲಿ ರನ್ನನ 'ಗದಾಯುದ್ಧ'ದೊಳಗೆ ಹುದುಗಿದ್ದ ನಾಟಕವನ್ನು ಪ್ರೊಫೆಸರ್ ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ 'ಗದಾಯುದ್ಧ ನಾಟಕಂ' ಎಂದು ಹೊರತೆಗೆದು ತೋರಿಸಿದರು. ರನ್ನನು ನಾಯಕಪದವಿಯನ್ನು ಕೊಟ್ಟುದು ಭೀಮನಿಗೆ. ಓದುಗನ ಮನಸ್ಸು ಹಿಂಬಾಲಿಸಿಹೋಗುವುದು ದುರ್ಯೋಧನನನ್ನು. ತಂದೆತಾಯಿಗಳು ಬಂದು ಸಂಧಿಮಾಡಿಕೊಳ್ಳೆಂದು ಬೇಡುವಾಗ ಅವನು ಒಪ್ಪದಿರುವುದು ಛಲದಿಂದಲೇ ಸರಿ. ಆದರೆ ಆ ಛಲದ ಒಳಗೆ ಏನಿದೆ? ಕರ್ಣನಿಲ್ಲದೆ, ದುಶ್ಶಾಸನನಿಲ್ಲದೆ ತಾನೊಬ್ಬನೇ ಉಳಿದು ರಾಜ್ಯವನ್ನುಂಡರೆ ಸತ್ತವರಿಗೆ ಬಗೆದ ದ್ರೋಹವಾಗುವುದೆಂಬ ಸ್ನೇಹನಿಷ್ಠೆಯಿದೆ. ಪಾಂಡವರಿಗೆ ಪಾಲು ಕೊಡದಂತೆ ಮಾಡಿದ ಛಲವೂ, ಸತ್ತ ಗೆಳೆಯನನ್ನು ಬಿಟ್ಟುಕೊಡದ ಛಲವೂ ಒಂದೇ ಬೇರಿನ ಎರಡು ಕೊಂಬೆಗಳು. ಕಡೆಗೆ ಭೀಷ್ಮರ ಮಾತಿನಂತೆ ಕೊಳದೊಳಗೆ ಅಡಗಿದವನು ಭೀಮನ ಮೂದಲೆಯನ್ನು ಕೇಳಿ ಕೇಳದಂತಿದ್ದಿದ್ದರೆ ಆ ಹೊತ್ತಿಗೆ ಉಳಿಯುತ್ತಿದ್ದನು. ಹಾಗಿರಬಲ್ಲವನು ದುರ್ಯೋಧನನಲ್ಲ, ನೀರೊಳಗಿನಿಂದ ಎದ್ದು ಬಂದನು.

ಕಾಳಿದಾಸನಿಗೂ ಈ ರಹಸ್ಯ ತಿಳಿದಿತ್ತು. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುರ್ವಾಸರ ಶಾಪವಿಲ್ಲ, ಉಂಗುರವಿಲ್ಲ. ಅವೆರಡನ್ನೂ ತಂದವನು ನಾಟಕಕಾರ. ಬಾಗಿಲಿಗೆ ಬಂದ ಅತಿಥಿಯನ್ನು ಶಕುಂತಲೆ ಗಮನಿಸಲಿಲ್ಲ. ಗಮನಿಸದುದಕ್ಕೆ ಕಾರಣ ಅಹಂಕಾರವಲ್ಲ, ಪತಿಧ್ಯಾನ. ಪ್ರೇಮದ ತುಂಬಿದ ಗಳಿಗೆಯಿಂದಲೇ ಪ್ರಮಾದವನ್ನು ಹುಟ್ಟಿಸಿದ್ದಾನೆ ಕವಿ. ಅಲ್ಲಿಯೂ ತಪ್ಪು ಎಳ್ಳಿನಷ್ಟು, ಶಿಕ್ಷೆ ಬೆಟ್ಟದಷ್ಟು. ವ್ಯತ್ಯಾಸವಿಷ್ಟೇ: ಕಾಳಿದಾಸನು ತನ್ನ ಪಾತ್ರಗಳಿಗೆ ಕಾಲವನ್ನು ಕೊಡುತ್ತಾನೆ. ಬೆಸ್ತನ ಕೈಗೆ ಉಂಗುರ ಸಿಗುವುದಕ್ಕೆ, ದೊರೆ ಪರಿತಪಿಸುವುದಕ್ಕೆ, ಮಗನು ಸಿಂಹದ ಮರಿಯೊಡನೆ ಆಡುವಷ್ಟು ಬೆಳೆಯುವುದಕ್ಕೆ ವರ್ಷಗಳನ್ನು ಕೊಡುತ್ತಾನೆ. ಒಥೆಲೊವಿನ ಉಂಗುರವೂ ಸಿಕ್ಕಿತು. ಎಮಿಲಿಯ ಪ್ರಾಣತೆತ್ತು ಸತ್ಯವನ್ನು ಹೊರಗೆಡಹಿದಳು. ಆದರೆ ಆ ವೇಳೆಗೆ ಡೆಸ್ಡಿಮೋನಳ ಉಸಿರು ನಿಂತು ಎಷ್ಟೋ ಹೊತ್ತಾಗಿರಲಿಲ್ಲ. ಸಂಸ್ಕೃತ ನಾಟಕಕ್ಕೂ ರುದ್ರನಾಟಕಕ್ಕೂ ನಡುವೆ ಒಮ್ಮೊಮ್ಮೆ ಇರುವುದು ಆ ಸ್ವಲ್ಪ ಹೊತ್ತು ಮಾತ್ರ.

ಹೀಗೆ ಹೇಳಿದರೆ ಯಾರ ತಪ್ಪೂ ತಪ್ಪಲ್ಲವೆಂದು, ಕೊಂದವನೂ ನಿರ್ದೋಷಿಯೆಂದು ನಾವು ವಾದಿಸುವಂತಾಗುವುದಿಲ್ಲವೆ? ಇಲ್ಲ. ರುದ್ರನಾಟಕದ ನಾಯಕನು ಈ ರಿಯಾಯಿತಿಯನ್ನು ತಾನೇ ಬೇಡುವುದಿಲ್ಲ. ತಿಳಿಯದೆ ಮಾಡಿದೆನೆಂಬ ಸಮಾಧಾನ ಈಡಿಪಸನಿಗೆ ಕೈಯೆಟುಕಿನಲ್ಲಿತ್ತು. ಅವನು ತನ್ನ ಕಣ್ಣುಗಳನ್ನು ಕಿತ್ತುಕೊಂಡನು. ಇಯಾಗೊವಿನ ಮೇಲೆ ಹೊರೆಯೆಲ್ಲವನ್ನೂ ಹೊರಿಸಬಹುದಾಗಿದ್ದ ಒಥೆಲೊ ತನಗೆ ತಾನೇ ಮರಣದಂಡನೆಯನ್ನು ವಿಧಿಸಿ ತಾನೇ ನಡೆಸಿದನು. ಹೊಣೆಯನ್ನು ಹೊರುವ ಕೆಲಸ ಅವರದು. ಅದನ್ನು ಅವರು ಪೂರೈಸಿದ್ದಾರೆ. ನಮ್ಮ ಕೆಲಸ ಬೇರೆ.

ಅರಿಸ್ಟಾಟಲನು ಕರುಣೆಯ ಜೊತೆಗೆ ಭಯವನ್ನೂ ಹೇಳಿದನೆಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು. ದೋಷದ ಚೀಟಿ ನಮಗೆ ಪ್ರಿಯವಾಗಿರುವುದು ಈ ಭಯದ ದೆಸೆಯಿಂದಲೇ. ಅವನು ಸಂಶಯಪಿಶಾಚಿ, ನಾವಲ್ಲ. ಅವನು ಛಲಗಾರ, ನಾವಲ್ಲ. ಆದ್ದರಿಂದ ಅವನಿಗಾದುದು ನಮಗಾಗದು ಎಂಬ ಧೈರ್ಯವನ್ನು ಆ ಚೀಟಿ ಕೊಡುತ್ತದೆ. ನಾಟಕಶಾಲೆಯ ಹೊರಗೂ ನಾವು ಹೀಗೆಯೇ ಮಾಡುವುದುಂಟು. ಬೀದಿಯಲ್ಲಿ ಒಂದು ಮನೆತನ ಮುಳುಗಿತೆಂದು ಕೇಳಿದೊಡನೆ, ಯಜಮಾನನು ಹೀಗೆ ಮಾಡಬಾರದಾಗಿತ್ತು, ಹಾಗೆ ಮಾಡಬೇಕಾಗಿತ್ತು ಎಂದು ಕಾರಣವನ್ನು ಹುಡುಕುತ್ತೇವೆ. ಕಾರಣ ಸಿಕ್ಕುವವರೆಗೆ ನಮಗೆ ನಿದ್ದೆಯಿಲ್ಲ, ಸಿಕ್ಕಿದ ಮೇಲೆ ಆ ಮನೆಯ ಬಾಗಿಲಿಗೆ ಹೋಗುವ ಅಗತ್ಯವೂ ಇಲ್ಲ. ಮಹಾಕವಿಯು ಈ ಬಾಗಿಲನ್ನು ಮುಚ್ಚಗೊಡುವುದಿಲ್ಲ. ನಮ್ಮಲ್ಲಿ ಯಾವುದನ್ನು ನಾವು ಗುಣವೆಂದು ಹೆಮ್ಮೆಪಡುತ್ತೇವೆಯೋ, ನಮ್ಮ ನಂಬಿಕೆ, ನಮ್ಮ ನಿಷ್ಠೆ, ನಮ್ಮ ತ್ವರಿತಬುದ್ಧಿ, ಅದನ್ನೇ ಆರಿಸಿಕೊಂಡು, ಅದು ಎದುರಿಸಲಾರದ ಒಂದು ಸಂದರ್ಭದ ಮುಂದೆ ನಿಲ್ಲಿಸುತ್ತಾನೆ.

ಆದುದರಿಂದ ಇನ್ನು ಮುಂದೆ ಇಂತಹ ನಾಟಕವನ್ನು ನೋಡುವಾಗಲೋ ಓದುವಾಗಲೋ, ಇವನ ದೋಷದ ಹೆಸರೇನೆಂದು ಕೇಳುವುದಕ್ಕೆ ಮೊದಲು, ಇದೇ ಸ್ವಭಾವವು ಹಿಂದಿನ ಯಾವ ಅಂಕದಲ್ಲಿ ಇವನನ್ನು ಉಳಿಸಿತ್ತು ಎಂದು ಕೇಳಿನೋಡೋಣ. ಒಥೆಲೊವಿನ ಮೊದಲ ಅಂಕವನ್ನು ಮರೆತವನಿಗೆ ಕಡೆಯ ಅಂಕವು ಒಂದು ಕೊಲೆಯ ವರದಿ ಮಾತ್ರ. ಅದನ್ನು ನೆನಪಿನಲ್ಲಿಟ್ಟುಕೊಂಡವನು, ಕ್ಯಾಸಿಯೊವನ್ನು ಕರೆಸಿ ಕೇಳಿರೆಂಬ ಡೆಸ್ಡಿಮೋನಳ ಮಾತು ಕಿವಿಗೆ ಬಿದ್ದಾಗ, ಕರೆಸಪ್ಪಾ ಎಂದು ತನ್ನ ಆಸನದಲ್ಲಿಯೇ ಮಿಡುಕುತ್ತಾನೆ.